ಹಳೆಯ ಉಗ್ರಾಣದಲ್ಲಿ ಉಳಿದ ರಾಸಾಯನಿಕ, ಬ್ಯಾಟರಿ, ಪಾದರಸ: ಇವುಗಳ ವಿಲೇವಾರಿ ಹೇಗೆ?

ಹಿತ್ತಲಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಹಳ ವರ್ಷಗಳಿಂದ ಯಾರೂ ಬಾಗಿಲು ತೆರೆಯದಿದ್ದ ಒಂದು ಉಗ್ರಾಣವನ್ನು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಪೀಠೋಪಕರಣ, ಪಾತ್ರೆ, ಹಳೆಯ ಕಾಗದಗಳ ಬಗ್ಗೆ ಚಿಂತೆಯಿಲ್ಲ. ಕೆಳಗಿನ ಕಪಾಟಿನಲ್ಲಿ ಸಾಲಾಗಿ ಉಳಿದಿರುವ ವಸ್ತುಗಳನ್ನು ಏನು ಮಾಡಬೇಕೆಂಬುದೇ ತಿಳಿಯುತ್ತಿಲ್ಲ. ಅರ್ಧ ಉಳಿದ ಎಣ್ಣೆ ಬಣ್ಣದ ಡಬ್ಬಗಳು, ಥಿನ್ನರ್ ಬಾಟಲಿ, ವಾಹನದಿಂದ ತೆಗೆದ ಎಂಜಿನ್ ಎಣ್ಣೆ, ಒಂದು ವಾಹನದ ಬ್ಯಾಟರಿ, ಉಬ್ಬಿಕೊಂಡಿರುವ ಪವರ್ ಬ್ಯಾಂಕ್, ಶೌಚಾಲಯ ತೊಳೆಯುವ ಆಸಿಡ್, ಬ್ಲೀಚ್, ಕೆಲವು ಸಿಎಫ್‌ಎಲ್ ಬಲ್ಬುಗಳು, ಒಡೆಯದ ಒಂದು ಪಾದರಸದ ಥರ್ಮಾಮೀಟರ್, ಅವಧಿ ಮೀರಿದ ಮಾತ್ರೆಗಳು ಮತ್ತು ಸೂಜಿಗಳು ಅಲ್ಲಿವೆ. ಇವುಗಳ ಜೊತೆಗೆ ಹೆಸರು ಅಳಿಸಿಹೋದ ಒಂದು ಡಬ್ಬದಲ್ಲಿ ಕಡುಬೂದು ಬಣ್ಣದ ಪುಡಿಯೂ ಇದೆ. ಅದು ಇಲಿ ಪಾಷಾಣವಿರಬಹುದೆಂದು ಮನೆಯವರ ಊಹೆ.

ಕೇಳಿದವರೆಲ್ಲ ಒಂದೊಂದು ದಾರಿ ಹೇಳಿದ್ದಾರೆ. ದ್ರವಗಳನ್ನು ಸಾಕಷ್ಟು ನೀರಿನೊಡನೆ ಚರಂಡಿಗೆ ಸುರಿದರಾಯಿತು ಎಂದು ಒಬ್ಬರು, ಗುಂಡಿ ತೋಡಿ ಹೂಳಿದರೆ ತೊಂದರೆಯೇ ಇಲ್ಲವೆಂದು ಇನ್ನೊಬ್ಬರು, ಸುಟ್ಟುಬಿಡುವುದೇ ಲೇಸೆಂದು ಮತ್ತೊಬ್ಬರು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕಸದ ವಾಹನಕ್ಕೆ ಕೊಟ್ಟುಬಿಡಿ ಎಂದವರೂ ಇದ್ದಾರೆ. ಇವುಗಳಲ್ಲಿ ನಿಜವಾಗಿ ಅಪಾಯಕಾರಿಯಾದವು ಯಾವುವು, ಅನಗತ್ಯವಾಗಿ ಹೆದರಬೇಕಾಗಿಲ್ಲದವು ಯಾವುವು, ಮತ್ತು ಕೆಲಸವನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ತಿಳಿದವರು ಕಾರಣಸಹಿತವಾಗಿ ವಿವರಿಸಿದರೆ ಉಪಕಾರವಾಗುತ್ತದೆ.

ರಸಾಯನಪಾಠಕ

ತಾವು ಪಟ್ಟಿ ಮಾಡಿರುವ ವಸ್ತುಗಳಲ್ಲಿ ಹೆಚ್ಚಿನವು ತಮ್ಮ ತಮ್ಮ ಡಬ್ಬದಲ್ಲಿ, ಮುಚ್ಚಳ ಬಿಗಿಯಾಗಿ, ಹೆಸರು ಓದಲು ಸಿಗುವಂತೆ ಇರುವವರೆಗೆ ತಕ್ಷಣದ ಅಪಾಯವನ್ನು ಒಡ್ಡುವುದಿಲ್ಲ. ಅಪಾಯ ಶುರುವಾಗುವುದು ಅವನ್ನು ಒಂದರೊಡನೊಂದು ಬೆರೆಸಿದಾಗ, ಬೇರೆ ಪಾತ್ರೆಗೆ ಸುರಿದಾಗ, ಅಥವಾ ಏನೆಂದು ತಿಳಿಯದೆ ಕೈಬಿಟ್ಟಾಗ. ಆದ್ದರಿಂದ ಜಾಗ ಉಳಿಸಲೆಂದು ಎರಡು ಬಾಟಲಿಗಳಲ್ಲಿರುವುದನ್ನು ಒಂದಕ್ಕೆ ತುಂಬಬೇಡಿ. ಎರಡೂ ಒಂದೇ ಬಗೆಯವೆಂದು ತೋರಿದರೂ ಸಹ.

ಶೌಚಾಲಯದ ಆಸಿಡ್ ಮತ್ತು ಬ್ಲೀಚ್‌ಗಳನ್ನು ಮೊದಲು ಬೇರೆ ಬೇರೆ ಕಡೆ ಇಡಿ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವೂ ಎರಡನೆಯದರಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಲವಣವೂ ಇರುತ್ತವೆ. ಇವೆರಡು ಸೇರಿದ ಕೂಡಲೇ ಕ್ಲೋರಿನ್ ಅನಿಲ ಹೊರಬರುತ್ತದೆ. 1915ರಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಆಯುಧವಾಗಿ ಹರಿಯಬಿಟ್ಟದ್ದು ಇದೇ ಅನಿಲವನ್ನು. ಇದು ಗಾಳಿಗಿಂತ ಭಾರವಾದುದರಿಂದ ಮುಚ್ಚಿದ ಚಿಕ್ಕ ಕೋಣೆಯಲ್ಲಿ ನೆಲದ ಬಳಿಯೇ ತಂಗುತ್ತದೆ. ಬಗ್ಗಿ ಕುಳಿತು ಶೌಚಾಲಯ ಉಜ್ಜುತ್ತಿರುವವರ ಮುಖ ಇರುವುದೂ ಆ ಮಟ್ಟದಲ್ಲಿಯೇ. ಬ್ಲೀಚ್‌ಗೆ ಅಮೋನಿಯ ಇರುವ ಶುಚಿಕಾರಕ ಬೆರೆತರೆ ಕ್ಲೋರಮೀನ್ ಎಂಬ ಅನಿಲಗಳು ಹುಟ್ಟುತ್ತವೆ, ಅವೂ ಶ್ವಾಸಕೋಶವನ್ನು ಸುಡುವಂಥವೇ. ಚರಂಡಿಗೆ ಸುರಿಯಿರಿ ಎನ್ನುವ ಸಲಹೆಯಲ್ಲಿರುವ ಮೊದಲ ದೋಷವೂ ಇಲ್ಲಿದೆ: ನೀವು ಸುರಿಯುವ ಮುನ್ನ ಆ ಕೊಳವೆಗೆ ಯಾರು ಏನನ್ನು ಸುರಿದಿದ್ದಾರೆಂಬುದು ನಿಮಗೆ ಗೊತ್ತಿರುವುದಿಲ್ಲ.

ಎರಡನೆಯದಾಗಿ ಆ ಬೂದು ಪುಡಿ. ಇದರ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕಾಗಿದೆ. ಇಲಿ ಪಾಷಾಣವಾಗಿ ಬಳಕೆಯಲ್ಲಿರುವ ಸತುವಿನ ಫಾಸ್ಫೈಡ್ ಕಡುಬೂದು ಬಣ್ಣದ ಪುಡಿ. ನೀರು, ಅದಕ್ಕಿಂತಲೂ ಹೆಚ್ಚಾಗಿ ಆಮ್ಲ ತಗಲಿದಾಗ ಅದರಿಂದ ಫಾಸ್ಫೀನ್ ಎಂಬ ತೀವ್ರ ವಿಷಾನಿಲ ಬಿಡುಗಡೆಯಾಗುತ್ತದೆ. ನುಂಗಿದಾಗ ಇಲಿ ಸಾಯುವುದಕ್ಕೂ ಹೊಟ್ಟೆಯ ಆಮ್ಲದೊಡನೆ ನಡೆಯುವ ಈ ಕ್ರಿಯೆಯೇ ಕಾರಣ. ದಾಸ್ತಾನು ಮಾಡಿದ ಧಾನ್ಯಕ್ಕೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳಂತೂ ಗಾಳಿಯಲ್ಲಿರುವ ತೇವದಿಂದಲೇ ಅನಿಲವನ್ನು ಬಿಡತೊಡಗುತ್ತವೆ. ಕೀಟನಾಶಕದ ಖಾಲಿ ಡಬ್ಬವನ್ನು ಮೂರು ಬಾರಿ ನೀರಿನಿಂದ ತೊಳೆದು, ಆ ನೀರನ್ನು ಸಿಂಪಡಣೆಯ ದ್ರಾವಣಕ್ಕೇ ಸೇರಿಸಬೇಕು ಎಂಬ ಸಲಹೆಯನ್ನು ತಾವು ಕೇಳಿರಬಹುದು. ನೀರಿನಲ್ಲಿ ಬೆರೆಸಿ ಸಿಂಪಡಿಸುವ ದ್ರವ ಕೀಟನಾಶಕಗಳಿಗೆ ಅದು ಸರಿಯಾದ ಮಾತು. ಹೆಸರು ತಿಳಿಯದ ಪುಡಿಗೆ ಅದನ್ನೇ ಅನ್ವಯಿಸಿದರೆ ಪ್ರಾಣಾಪಾಯವಾಗಬಹುದು. ಆ ಡಬ್ಬವನ್ನು ತೆರೆಯಬೇಡಿ, ಮೂಸಿ ನೋಡಬೇಡಿ, ತೊಳೆಯಬೇಡಿ. ಒಣಗಿದ ಮತ್ತೊಂದು ದೊಡ್ಡ ಡಬ್ಬದೊಳಗೆ ಹಾಗೆಯೇ ಇಟ್ಟು, ಮೇಲೆ "ಗುರುತಿಸಲಾಗದ ಪುಡಿ, ಫಾಸ್ಫೈಡ್ ಇರಬಹುದು, ನೀರು ತಾಗಿಸಬಾರದು" ಎಂದು ಬರೆಯಿರಿ.

ಥಿನ್ನರ್‌ನ ವಿಷಯದಲ್ಲಿ ದ್ರವಕ್ಕಿಂತ ಆವಿಯ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಅದರ ಆವಿ ಗಾಳಿಗಿಂತ ಭಾರವಾಗಿದ್ದು, ನೆಲದ ಮೇಲೆ ಹರಿದು ದೂರದಲ್ಲಿರುವ ಜ್ವಾಲೆಯನ್ನೋ ಕಿಡಿಯನ್ನೋ ತಲುಪಿ, ಅಲ್ಲಿಂದ ಬೆಂಕಿಯನ್ನು ಮೂಲ ಬಾಟಲಿಯವರೆಗೂ ಎಳೆದು ತರಬಲ್ಲದು. ಬಣ್ಣ ಅಥವಾ ಅಗಸೆ ಎಣ್ಣೆ ಒರೆಸಿದ ಬಟ್ಟೆಗಳು ಅಲ್ಲಿದ್ದರೆ ಅವನ್ನು ಮುದ್ದೆ ಮಾಡಿ ಎಸೆಯಬೇಡಿ. ಇಂತಹ ಎಣ್ಣೆಗಳು ಒಣಗುವುದೆಂದರೆ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುವುದು; ಆಗ ಹುಟ್ಟುವ ಶಾಖ ಮುದ್ದೆಯ ಒಳಗೆ ಸಿಕ್ಕಿಕೊಂಡು, ಯಾರೂ ಕಡ್ಡಿ ಗೀರದೆಯೇ ಬಟ್ಟೆ ಹೊತ್ತಿಕೊಳ್ಳುತ್ತದೆ. ಅವನ್ನು ಬಯಲಿನಲ್ಲಿ ಒಂದೊಂದಾಗಿ ಹರಡಿ ಪೂರ್ಣ ಒಣಗಿಸಬೇಕು, ಇಲ್ಲವೇ ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬದಲ್ಲಿ ಮುಳುಗಿಸಿಡಬೇಕು.

ಸುಡುವ ಸಲಹೆಯನ್ನು ಪೂರ್ತಿಯಾಗಿ ಬದಿಗಿಡಿ. ಮುಚ್ಚಿದ ಸ್ಪ್ರೇ ಡಬ್ಬಗಳು ಸಿಡಿಯುತ್ತವೆ. ಪಿವಿಸಿ ಪ್ಲಾಸ್ಟಿಕ್ಕನ್ನು ಬಯಲಿನಲ್ಲಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲದೊಡನೆ, ಬಹುಕಾಲ ನಾಶವಾಗದೆ ಉಳಿಯುವ ವಿಷವಸ್ತುಗಳಾದ ಡಯಾಕ್ಸಿನ್‌ಗಳೂ ಹುಟ್ಟುತ್ತವೆ. 2001ರ ಸ್ಟಾಕ್‌ಹೋಮ್ ಒಪ್ಪಂದವು ಕಸವನ್ನು ಬಯಲಿನಲ್ಲಿ ಸುಡುವುದನ್ನು ಡಯಾಕ್ಸಿನ್‌ನ ಮೂಲಗಳಲ್ಲಿ ಒಂದೆಂದು ಹೆಸರಿಸಿಯೇ ಹೇಳಿದೆ. ಇನ್ನು ಹೂಳುವ ಮಾತು: ಸೀಸವೂ ಪಾದರಸವೂ ಮೂಲಧಾತುಗಳು. ಅವು ಕೊಳೆತು ಬೇರೇನೋ ಆಗುವುದಿಲ್ಲ. ಹೂತದ್ದು ಅಲ್ಲಿಯೇ ಇರುತ್ತದೆ, ಅಥವಾ ನೀರಿನೊಡನೆ ಇಳಿಯುತ್ತದೆ.

ಸಂದೇಹಿ

ಮೇಲಿನ ಉತ್ತರ ವಿದ್ವತ್ಪೂರ್ಣವಾಗಿದೆ, ಒಪ್ಪುತ್ತೇನೆ. ಆದರೆ ಪ್ರಮಾಣದ ಪ್ರಶ್ನೆಯೊಂದಿದೆ. ಕಾರ್ಖಾನೆಯೊಂದು ಹೊರಬಿಡುವ ತ್ಯಾಜ್ಯದ ಮುಂದೆ ಮನೆಯೊಂದರ ಅರ್ಧ ಬಾಟಲಿ ಥಿನ್ನರ್ ಯಾವ ಲೆಕ್ಕ? ಸಿಎಫ್‌ಎಲ್ ಬಲ್ಬೊಂದರಲ್ಲಿರುವ ಪಾದರಸ ಕೆಲವೇ ಮಿಲಿಗ್ರಾಂ. ಸಾಮಾನ್ಯ ಕ್ಷಾರೀಯ ಸೆಲ್ಲುಗಳಿಂದಂತೂ 1990ರ ದಶಕದಿಂದಲೇ ಪಾದರಸವನ್ನು ಕೈಬಿಡುತ್ತ ಬಂದಿದ್ದಾರೆ, ಅವನ್ನು ಸಾಮಾನ್ಯ ಕಸದೊಡನೆ ಹಾಕಲು ಹಲವು ಕಡೆ ಅನುಮತಿಯೂ ಇದೆ. ಎಲ್ಲವನ್ನೂ ಒಂದೇ ಭೀತಿಯಿಂದ ನೋಡಿದರೆ ಜನ ಬೇಸತ್ತು ಕೊನೆಗೆ ಯಾವುದನ್ನೂ ಬೇರ್ಪಡಿಸದೆ ಬಿಡುತ್ತಾರೆಂಬುದು ನನ್ನ ಆಕ್ಷೇಪ.

ತ್ಯಾಜ್ಯಪಾಲಕ

ಸಂದೇಹಿಯವರ ಮಾತಿನ ಕೊನೆಯ ಭಾಗ ನನಗೂ ಒಪ್ಪಿಗೆ. ಎಲ್ಇಡಿ ಬಲ್ಬಿನಲ್ಲಿ ಪಾದರಸವಿಲ್ಲ. ಒಣಗಿದ ನೀರು ಬಣ್ಣದ ಡಬ್ಬಕ್ಕೂ ಹೆದರಬೇಕಾಗಿಲ್ಲ. ಆದರೆ ಪ್ರಮಾಣದ ವಾದವನ್ನು ಕಸದ ರಾಶಿಯ ಈ ತುದಿಯಲ್ಲಿ ನಿಂತು ನೋಡಿದರೆ ಬೇರೆಯಾಗಿ ಕಾಣುತ್ತದೆ. ನಾನು ವಿಂಗಡಣಾ ಕೇಂದ್ರದಲ್ಲಿ ಕೆಲಸ ಮಾಡುವವನು. ಕಸದ ಲಾರಿಯನ್ನು ಹೊತ್ತಿಸಲು ಲೀಟರುಗಟ್ಟಲೆ ಥಿನ್ನರ್ ಬೇಕಿಲ್ಲ, ಒಂದು ಫೋನಿನ ಬ್ಯಾಟರಿ ಸಾಕು. ಲಾರಿಯೊಳಗೆ ಕಸವನ್ನು ಒತ್ತಿ ಕುಗ್ಗಿಸುವ ಯಂತ್ರವಿರುತ್ತದೆ. ಅದರಡಿ ಲಿಥಿಯಂ-ಅಯಾನ್ ಬ್ಯಾಟರಿ ಸಿಕ್ಕಿ ನಜ್ಜುಗುಜ್ಜಾದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಆಗ ಹುಟ್ಟಿದ ಶಾಖ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಿ, ಆ ಕ್ರಿಯೆ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತ, ತಡೆಯಲಾಗದ ಸುತ್ತೊಂದು ಆರಂಭವಾಗುತ್ತದೆ. ಸುತ್ತಲೂ ಕಾಗದ, ರಟ್ಟು, ಪ್ಲಾಸ್ಟಿಕ್ ತುಂಬಿರುತ್ತವೆ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂತಹ ವಿಷಾನಿಲವೂ ಇರಬಹುದು.

ಆದ್ದರಿಂದ ಪ್ರಶ್ನೆ ಕೇಳಿದವರ ಪಟ್ಟಿಯಲ್ಲಿ ನಾನು ಮೊದಲು ಕೈಹಾಕುವುದು ಆ ಪವರ್ ಬ್ಯಾಂಕಿಗೆ. ಅದು ಉಬ್ಬಿರುವುದೆಂದರೆ ಒಳಗಿನ ದ್ರಾವಣ ವಿಘಟನೆಗೊಂಡು ಅನಿಲ ಸೇರಿಕೊಂಡಿದೆಯೆಂದರ್ಥ. ಚಾರ್ಜ್ ಮಾಡಬಾರದು, ಅದುಮಬಾರದು, ಅನಿಲ ಹೊರಬರಲೆಂದು ಚುಚ್ಚಲಂತೂ ಕೂಡದು. ಒಣ ಮರಳು ಹಾಕಿದ ಲೋಹದ ಪಾತ್ರೆಯಲ್ಲಿ, ಮುಚ್ಚಳವನ್ನು ಬಿಗಿ ಮಾಡದೆ, ಮನೆಯ ಹೊರಗೆ ನೆರಳಿನಲ್ಲಿ ಇಟ್ಟು, ಬ್ಯಾಟರಿ ಸಂಗ್ರಹಿಸುವವರಿಗೆ ಅದು ಉಬ್ಬಿದೆಯೆಂದು ಮೊದಲೇ ತಿಳಿಸಿ. ಚೆನ್ನಾಗಿರುವ ಬಿಡಿ ಬ್ಯಾಟರಿಗಳಾದರೆ ಎರಡೂ ತುದಿಗಳಿಗೆ ಟೇಪು ಅಂಟಿಸಿ. ಎರಡು ಗುಂಡಿಗಳೂ ಒಂದೇ ಬದಿಯಲ್ಲಿರುವ 9 ವೋಲ್ಟ್ ಬ್ಯಾಟರಿಗೆ ಇದು ತೀರ ಅಗತ್ಯ, ಏಕೆಂದರೆ ಕೀಲಿಕೈಯೋ ತಂತಿಯ ತುಂಡೋ ತಾಗಿದರೂ ಸಾಕು, ಅದು ಬಿಸಿಯಾಗತೊಡಗುತ್ತದೆ.

ವಾಹನದ ಬ್ಯಾಟರಿ ಬೇರೆಯದೇ ಕಥೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವಿರುವುದರಿಂದ ಅದಕ್ಕೆ ಬೆಲೆಯಿದೆ. ಬೆಲೆಯಿರುವುದರಿಂದಲೇ ಅದು ಯಾರ ಕೈಗೆ ಹೋಗುತ್ತದೆಂಬುದು ಮುಖ್ಯವಾಗುತ್ತದೆ. ಸೆನೆಗಲ್ ದೇಶದ ಡಕಾರ್ ನಗರದಂಚಿನ ಥಿಯಾರೋಯ್ ಸುರ್ ಮೇರ್ ಎಂಬಲ್ಲಿ, ಹಳೆಯ ಬ್ಯಾಟರಿಗಳನ್ನು ಬಯಲಿನಲ್ಲಿ ಒಡೆದು ಸೀಸ ತೆಗೆಯುತ್ತಿದ್ದ ಬಡಾವಣೆಯಲ್ಲಿ, 2007ರ ಕೊನೆಯಿಂದ 2008ರ ಆರಂಭದವರೆಗಿನ ಕೆಲವೇ ತಿಂಗಳುಗಳಲ್ಲಿ 18 ಮಕ್ಕಳು ಸತ್ತರು. ಸೀಸ ಸೇರಿದ ಧೂಳು ಮಣ್ಣಿನಲ್ಲಿಯೂ ಮನೆಗಳೊಳಗೂ ಹರಡಿತ್ತು. ಆದ್ದರಿಂದ ಹೆಚ್ಚು ಹಣ ಕೊಡುವವರಿಗಿಂತ, ಹೊಸ ಬ್ಯಾಟರಿ ಕೊಡುವಾಗ ಹಳೆಯದನ್ನು ಹಿಂಪಡೆದು ಅಧಿಕೃತ ಮರುಬಳಕೆ ಘಟಕಕ್ಕೆ ಕಳಿಸುವ ಮಾರಾಟಗಾರರಿಗೇ ಕೊಡುವುದು ಮೇಲು. ಸಾಗಿಸುವಾಗ ನೆಟ್ಟಗೆ ನಿಲ್ಲಿಸಿ, ಪ್ಲಾಸ್ಟಿಕ್ ತೊಟ್ಟಿಯೊಳಗೆ ಇಡಿ. ಒಳಗಿರುವುದು ಗಂಧಕಾಮ್ಲ.

ಎಂಜಿನ್ ಎಣ್ಣೆಯೂ ಹಾಗೆಯೇ, ಶುದ್ಧೀಕರಿಸಿ ಮತ್ತೆ ಬಳಸಬಹುದಾದ ವಸ್ತು. ಆದರೆ ಅದಕ್ಕೆ ಥಿನ್ನರ್, ಬಣ್ಣ ಅಥವಾ ನೀರು ಬೆರೆತರೆ ಆ ಸಾಧ್ಯತೆ ಬಹುಮಟ್ಟಿಗೆ ಕೈತಪ್ಪುತ್ತದೆ.

ಕಾರ್ಖಾನೆಯ ಹೋಲಿಕೆಗೆ ಒಂದು ಮಾತು ಸೇರಿಸುತ್ತೇನೆ. ಕಾರ್ಖಾನೆಯಲ್ಲಿ ಇದೇ ಥಿನ್ನರ್ ಉಳಿದರೆ ಅದಕ್ಕೆ ದಾಖಲೆ, ಗುರುತುಪಟ್ಟಿ, ಸಾಗಣೆಯ ನಿಯಮ ಎಲ್ಲವೂ ಇರುತ್ತವೆ. ಮನೆಯಿಂದ ಹೊರಡುವ ಅದೇ ವಸ್ತುವಿಗೆ ಹೆಚ್ಚಿನ ದೇಶಗಳ ಕಾನೂನು ಸಡಿಲವಾಗಿದೆ. ಮನೆಮನೆಗೂ ದಾಖಲೆ ಇಡಿಸುವುದು ಸಾಧ್ಯವಿಲ್ಲವೆಂಬುದು ಸರಿಯೇ. ಇದರ ಫಲವಾಗಿ, ಕಾರ್ಖಾನೆಯ ಕೆಲಸಗಾರನಿಗೆ ಡಬ್ಬದೊಳಗೆ ಏನಿದೆಯೆಂದು ತಿಳಿದಿರುತ್ತದೆ, ಕಸ ಎತ್ತುವವರಿಗೆ ತಿಳಿದಿರುವುದಿಲ್ಲ. ಕಪ್ಪು ಚೀಲದೊಳಗೆ ಕೈಹಾಕಿದಾಗ ಸೂಜಿ ಚುಚ್ಚಿಸಿಕೊಳ್ಳುವವರು, ಆಸಿಡ್ ಬಾಟಲಿ ಒಡೆದು ತೋಳು ಸುಟ್ಟುಕೊಳ್ಳುವವರು ಅವರು.

ಶುಶ್ರೂಷಕಿ

ಸೂಜಿಯ ಮಾತು ಬಂದುದರಿಂದ ಅಲ್ಲಿಂದಲೇ ಮುಂದುವರಿಸುತ್ತೇನೆ. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗುವಾಗಲೇ ಹಲವರಿಗೆ ಚುಚ್ಚಿಕೊಳ್ಳುತ್ತದೆ, ಆದ್ದರಿಂದ ಆ ಪ್ರಯತ್ನ ಬೇಡ. ಸೋಪಿನ ದ್ರವ ಬರುವ ದಪ್ಪ ಪ್ಲಾಸ್ಟಿಕ್ ಡಬ್ಬದಂತಹ, ಚುಚ್ಚಿದರೂ ತೂತಾಗದ ಪಾತ್ರೆಯಲ್ಲಿ ಹಾಕಿ, ಮುಕ್ಕಾಲು ಭಾಗ ತುಂಬಿದ ಮೇಲೆ ಮುಚ್ಚಳಕ್ಕೆ ಟೇಪು ಸುತ್ತಿ, ಒಳಗೆ ಸೂಜಿಗಳಿವೆಯೆಂದು ಬರೆದು ಆಸ್ಪತ್ರೆಗೆ ಒಪ್ಪಿಸಿ.

ಮಾತ್ರೆಗಳನ್ನು ಶೌಚಾಲಯಕ್ಕೆ ಹಾಕಿ ನೀರು ಬಿಡಬೇಡಿ. ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕಗಳನ್ನು ಔಷಧದ ಅಣುಗಳನ್ನು ತೆಗೆಯುವುದಕ್ಕಾಗಿ ಕಟ್ಟಿದ್ದಲ್ಲ, ಮತ್ತು ನದಿಯಲ್ಲಿ ಸೇರುವ ಪ್ರತಿಜೈವಿಕಗಳು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳು ಬೆಳೆಯಲು ಅನುಕೂಲ ಮಾಡಿಕೊಡುತ್ತವೆ. ಔಷಧಗಳನ್ನು ಹಿಂಪಡೆಯುವ ವ್ಯವಸ್ಥೆ ಇದ್ದರೆ ಅಲ್ಲಿಗೆ ಕೊಡಿ. ಇಲ್ಲದಿದ್ದರೆ ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ, ಯಾರಿಗೂ ಎತ್ತಿ ತಿನ್ನಬೇಕೆನಿಸದಂತೆ ಮಣ್ಣು ಅಥವಾ ಮರದ ಹೊಟ್ಟಿನೊಡನೆ ಕಲಸಿ, ಚೀಲಕ್ಕೆ ಹಾಕಿ ಬಾಯಿ ಬಿಗಿದು ಸಾಮಾನ್ಯ ಕಸದೊಡನೆ ಕೊಡಬಹುದು. ಇದು ಎರಡನೇ ದರ್ಜೆಯ ಉಪಾಯ, ಆದರೆ ನೀರಿಗೆ ಬಿಡುವುದಕ್ಕಿಂತ ಮೇಲು.

ಉಗ್ರಾಣದಲ್ಲಿ ನಾಣ್ಯದಾಕಾರದ ಚಪ್ಪಟೆ ಬ್ಯಾಟರಿಗಳಿವೆಯೇ ಎಂದು ದಯವಿಟ್ಟು ಹುಡುಕಿ ನೋಡಿ. ಹಳೆಯ ಆಟಿಕೆ, ರಿಮೋಟ್, ಗಡಿಯಾರಗಳಲ್ಲಿ ಇರುತ್ತವೆ. ಸುಮಾರು 20 ಮಿಲಿಮೀಟರ್ ಅಗಲದ ಲಿಥಿಯಂ ಬಿಲ್ಲೆಯನ್ನು ಮಗುವೊಂದು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಎರಡೇ ಗಂಟೆಗಳಲ್ಲಿ ಆಳವಾದ ಸುಟ್ಟಗಾಯವಾಗಬಲ್ಲದು. ಬ್ಯಾಟರಿ ಸೋರಿ ಹೀಗಾಗುತ್ತದೆಂದು ಹಲವರು ತಿಳಿದಿದ್ದಾರೆ. ನಿಜವಾಗಿ, ಒದ್ದೆಯಾದ ಅಂಗಾಂಶದ ಮೂಲಕ ವಿದ್ಯುತ್ ಹರಿದು ಋಣಧ್ರುವದ ಬಳಿ ತೀವ್ರ ಕ್ಷಾರ ಉಂಟಾಗುವುದೇ ಇದಕ್ಕೆ ಕಾರಣ. ಉಪಕರಣವನ್ನು ನಡೆಸಲಾಗದಷ್ಟು ಬರಿದಾದ ಬಿಲ್ಲೆಯಲ್ಲಿಯೂ ಇದಕ್ಕೆ ಬೇಕಾದಷ್ಟು ವೋಲ್ಟೇಜ್ ಉಳಿದಿರುತ್ತದೆ. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಮತ್ತೊಂದು ಅಭ್ಯಾಸವನ್ನು ಎಷ್ಟು ಖಂಡಿಸಿದರೂ ಸಾಲದು. ಸೀಮೆಎಣ್ಣೆ, ಆಸಿಡ್, ಥಿನ್ನರ್‌ಗಳನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವುದು. ಬಣ್ಣವಿಲ್ಲದ ದ್ರವ, ಪರಿಚಿತ ಬಾಟಲಿ, ಬಾಯಾರಿದ ಮಗು: ಇಷ್ಟೇ ಸಾಕು. ಇಂಥವನ್ನು ಯಾರಾದರೂ ಕುಡಿದರೆ ವಾಂತಿ ಮಾಡಿಸಲು ಹೋಗಬಾರದು. ಆಮ್ಲವಾದರೆ ಮೇಲೆ ಬರುವಾಗ ಅನ್ನನಾಳವನ್ನು ಎರಡನೆಯ ಸಲ ಸುಡುತ್ತದೆ, ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಕುಡಿದ ಬಾಟಲಿಯನ್ನು ಆಸ್ಪತ್ರೆಗೆ ಜೊತೆಯಲ್ಲೇ ತನ್ನಿ. ಮೇಲೆ ಹೆಸರಿರುವ ಬಾಟಲಿ ವೈದ್ಯರ ಅರ್ಧ ಕೆಲಸವನ್ನು ಮಾಡಿಕೊಡುತ್ತದೆ.

ಹಿತ್ತಲಮನೆ

ಎಲ್ಲರಿಗೂ ಧನ್ಯವಾದಗಳು. ಆಸಿಡ್ ಮತ್ತು ಬ್ಲೀಚ್‌ಗಳನ್ನು ಬೇರೆ ಬೇರೆ ಕೋಣೆಗಳಿಗೆ ಸಾಗಿಸಿದ್ದೇನೆ. ಪವರ್ ಬ್ಯಾಂಕ್ ಮರಳಿನ ಪಾತ್ರೆಯಲ್ಲಿ ಹೊರಗಿದೆ. ಎರಡು ಪ್ರಶ್ನೆಗಳು ಉಳಿದಿವೆ. ಥರ್ಮಾಮೀಟರ್ ಅಥವಾ ಸಿಎಫ್‌ಎಲ್ ಬಲ್ಬು ಸಾಗಿಸುವಾಗ ಒಡೆದರೆ ಏನು ಮಾಡಬೇಕು? ಇಂತಹ ವಸ್ತುಗಳನ್ನು ಪಡೆಯುವ ಕೇಂದ್ರ ಹತ್ತಿರದಲ್ಲಿ ಇಲ್ಲದವರು ಏನು ಮಾಡಬೇಕು?

ರಸಾಯನಪಾಠಕ

ಇವೆರಡರ ನಡುವೆ ಬಹಳ ಅಂತರವಿದೆ. ಬಲ್ಬಿನಲ್ಲಿರುವುದು ಸಂದೇಹಿಯವರು ಹೇಳಿದಂತೆ ಕೆಲವು ಮಿಲಿಗ್ರಾಂ. ಜ್ವರ ನೋಡುವ ಥರ್ಮಾಮೀಟರಿನಲ್ಲಿ ಅರ್ಧ ಗ್ರಾಮಿಗೂ ಹೆಚ್ಚು ಇರುವುದು ಸಾಮಾನ್ಯ, ಎಂದರೆ ನೂರಾರು ಬಲ್ಬುಗಳಷ್ಟು. ಆದ್ದರಿಂದ ಎಚ್ಚರಿಕೆಯನ್ನು ಥರ್ಮಾಮೀಟರಿಗೆ ಮೀಸಲಿಡಿ. ಬಟ್ಟೆ ಸುತ್ತಿ, ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬದೊಳಗಿಟ್ಟರೆ ಒಡೆದರೂ ಹೊರಚೆಲ್ಲುವುದಿಲ್ಲ. ಅಂದಹಾಗೆ ಒಳಗಿನ ದ್ರವ ಕೆಂಪಾಗಿದ್ದರೆ ಅದು ಬಣ್ಣ ಹಾಕಿದ ಆಲ್ಕೊಹಾಲ್, ಪಾದರಸವಲ್ಲ.

ಒಡೆದುಹೋದರೆ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಹೊರಗೆ ಕಳಿಸಿ, ಕಿಟಕಿ ತೆರೆದು, ಫ್ಯಾನ್ ಆರಿಸಿ. ಪೊರಕೆಯಿಂದ ಗುಡಿಸಿದರೆ ಹನಿಗಳು ಮತ್ತಷ್ಟು ಸಣ್ಣವಾಗಿ ಚದುರುತ್ತವೆ. ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಅದರ ಬಿಸಿಗಾಳಿ ಪಾದರಸವನ್ನು ಆವಿಯಾಗಿಸಿ ಇಡೀ ಕೋಣೆಗೆ ಹಬ್ಬಿಸುತ್ತದೆ. ಗಟ್ಟಿ ಕಾಗದದಿಂದ ಹನಿಗಳನ್ನು ಒಂದೆಡೆಗೆ ತಳ್ಳಿ, ಔಷಧ ಹಾಕುವ ಡ್ರಾಪರ್‌ನಿಂದ ಎತ್ತಿ ಗಾಜಿನ ಶೀಶೆಗೆ ಹಾಕಬೇಕು. ಉಳಿದ ಸಣ್ಣ ಕಣಗಳು ಟೇಪಿಗೆ ಅಂಟಿಕೊಳ್ಳುತ್ತವೆ. ಟಾರ್ಚನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದರೆ ಕಣ್ಣಿಗೆ ಬೀಳದ ಹನಿಗಳೂ ಹೊಳೆಯುತ್ತವೆ. ಪಾದರಸ ತಾಗಿದ ಬಟ್ಟೆಯನ್ನು ಒಗೆಯುವ ಯಂತ್ರಕ್ಕೆ ಹಾಕಬೇಡಿ, ಶೀಶೆಯನ್ನು ಚರಂಡಿಗೆ ಬರಿದುಮಾಡಬೇಡಿ. ನೀರಿಗೆ ಸೇರಿದ ಪಾದರಸವನ್ನು ಅಲ್ಲಿನ ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸವಾಗಿ ಬದಲಾಯಿಸುತ್ತವೆ, ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತಾ ಸಾಂದ್ರಗೊಳ್ಳುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಪತ್ತೆಯಾದ ಕಾಯಿಲೆಗೆ ಕಾರಣವಾದದ್ದು ಕಾರ್ಖಾನೆಯಿಂದ ಕೊಲ್ಲಿಗೆ ಹರಿದ ಈ ರೂಪದ ಪಾದರಸವೇ. ಆ ಊರಿನ ಹೆಸರಿನ 2013ರ ಅಂತರರಾಷ್ಟ್ರೀಯ ಒಪ್ಪಂದವು ಪಾದರಸದ ಥರ್ಮಾಮೀಟರುಗಳ ತಯಾರಿಕೆಯನ್ನು ನಿಲ್ಲಿಸಲು 2020ರ ಗಡುವು ಹಾಕಿತು. ಆದರೆ ಅದಕ್ಕೂ ಹಿಂದೆ ಕೊಂಡವು ಇನ್ನೂ ಮನೆಗಳ ಪೆಟ್ಟಿಗೆಗಳಲ್ಲಿವೆ.

ತ್ಯಾಜ್ಯಪಾಲಕ

ಎರಡನೆಯ ಪ್ರಶ್ನೆಗೆ: ಕೇಂದ್ರವಿಲ್ಲದ ಕಡೆ, ಬಳಸಿ ಮುಗಿಸಬಹುದಾದುದನ್ನು ಬಳಸಿ ಮುಗಿಸುವುದೇ ಒಳ್ಳೆಯ ವಿಲೇವಾರಿ. ಚೆನ್ನಾಗಿರುವ ಎಣ್ಣೆ ಬಣ್ಣ ಮತ್ತು ಥಿನ್ನರ್‌ಗಳನ್ನು ಬಣ್ಣ ಬಳಿಯುವ ಕೆಲಸದವರು ಸಂತೋಷದಿಂದ ಒಯ್ಯುತ್ತಾರೆ. ಶೌಚಾಲಯದ ಆಸಿಡ್ಡನ್ನು ಡಬ್ಬದ ಮೇಲೆ ಹೇಳಿದ ಕೆಲಸಕ್ಕೇ, ಹೇಳಿದ ಪ್ರಮಾಣದಲ್ಲಿ, ಬೇರೆ ಯಾವ ಶುಚಿಕಾರಕವನ್ನೂ ಬೆರೆಸದೆ ಬಳಸಿ ತೀರಿಸಬಹುದು. ಸೆಪ್ಟಿಕ್ ಟ್ಯಾಂಕ್ ಇರುವ ಮನೆಗಳಲ್ಲಿ ಒಮ್ಮೆಲೇ ಹೆಚ್ಚು ಸುರಿದರೆ ಮಲವನ್ನು ಕೊಳೆಸುವ ಬ್ಯಾಕ್ಟೀರಿಯಗಳೇ ಸಾಯುತ್ತವೆ ಎಂಬುದು ನೆನಪಿರಲಿ. ನೀರು ಬಣ್ಣಕ್ಕೆ ಮರದ ಹೊಟ್ಟು ಬೆರೆಸಿ, ಮುಚ್ಚಳ ತೆಗೆದಿಟ್ಟು ಪೂರ್ಣ ಗಟ್ಟಿಯಾದ ಮೇಲೆ ಒಣ ಕಸಕ್ಕೆ ಕೊಡಬಹುದು. ಎಣ್ಣೆ ಬಣ್ಣಕ್ಕೆ ಈ ಉಪಾಯ ಬೇಡ.

ಬಳಸಲು ಬಾರದವು, ಅಂದರೆ ಬೂದು ಪುಡಿ, ಪಾದರಸ, ಅವಧಿ ಮೀರಿದ ಕೀಟನಾಶಕಗಳು, ಸರಿಯಾಗಿ ಕಟ್ಟಿಟ್ಟರೆ ಕೆಲವು ತಿಂಗಳು ಕಾಯಬಲ್ಲವು. ಒಣಗಿದ, ತಂಪಾದ, ಬೀಗ ಹಾಕಬಹುದಾದ, ಅಡುಗೆಮನೆಯಿಂದ ದೂರವಿರುವ ಜಾಗ ಸಾಕು. ಸ್ಥಳೀಯ ಆಡಳಿತಕ್ಕೆ ಪಟ್ಟಿಯೊಡನೆ ಬರೆದು ಕೇಳಿ. ಅಪಾಯಕಾರಿ ತ್ಯಾಜ್ಯದ ಸಂಗ್ರಹ ವರ್ಷಕ್ಕೊಮ್ಮೆ ಮಾತ್ರ ನಡೆಯುವ ಕಡೆಗಳೂ ಇವೆ, ಕೇಳದಿದ್ದರೆ ಅದು ಗೊತ್ತೇ ಆಗುವುದಿಲ್ಲ. ಪುಡಿಯ ಬಗ್ಗೆ ಮಾತ್ರ ಅದು ಫಾಸ್ಫೈಡ್ ಇರಬಹುದೆಂದು ಮೊದಲೇ ತಿಳಿಸಿ. ಅದನ್ನು ವಾಹನದೊಳಗೆ ಇಟ್ಟುಕೊಂಡು ನೀವೇ ಹೊರಡುವ ಬದಲು ಅವರೇ ಬಂದು ಒಯ್ಯುತ್ತಾರೆಯೇ ಎಂದು ಕೇಳುವುದು ಉತ್ತಮ. ಉಳಿದವನ್ನು ನೀವೇ ಸಾಗಿಸುವುದಾದರೆ ಆಸಿಡ್ ಮತ್ತು ಬ್ಲೀಚ್‌ಗಳನ್ನು ಒಂದೇ ಸಲ ಒಯ್ಯಬೇಡಿ. ಡಬ್ಬಗಳನ್ನು ಉರುಳದಂತೆ ರಟ್ಟಿನ ಪೆಟ್ಟಿಗೆಯಲ್ಲಿ ಒತ್ತಾಗಿ ನಿಲ್ಲಿಸಿ, ಜನ ಕೂರುವ ಜಾಗದಿಂದ ಹಿಂದೆ ಇರಿಸಿ, ಕಿಟಕಿಗಳನ್ನು ತೆರೆದಿಡಿ.